ಇಬ್ಬರಿಗೆ ಒಂದು ಪಾರ್ಸೆಲ್

ಕೊಳ್ಳೇಗಾಲ
೧೦-೯-೧೯೯೮, ಗುರುವಾರ

ಪ್ರೀತಿಯ ಪುಷ್ಪಾ,

ಹೇಗಿದ್ದೀಯೆ? ಬೆನ್ನುನೋವು ಸ್ವಲ್ಪವಾದರೂ ಇಳಿಯಿತೆ? ಯಳಂದೂರಿನ ಕಡೆ ಚೆನ್ನಾಗಿ ಮಳೆಯಾಗಿದೆ ಎಂದು ಬಸ್ಸಿನವರು ಹೇಳಿದರು. ತಣ್ಣೀರಿನಲ್ಲಿ ಬಟ್ಟೆ ಒಗೆಯುತ್ತಾ ಕೂರಬೇಡ, ನಿಮ್ಮಣ್ಣನ ಮನೆಯಲ್ಲಿ ಬೇರೆ ಕೈಗಳೂ ಇವೆ. ಶಿವಶಂಕರಣ್ಣನಿಗೆ ನನ್ನ ಮೇಲಿನ ಸಿಟ್ಟು ಇಳಿದಿಲ್ಲವೆಂದು ಗೊತ್ತು. ಹೋದ ತಿಂಗಳು ನಿನ್ನನ್ನು ಕರೆಯಲು ಬಂದಾಗ ಜಗಲಿಯಲ್ಲೇ ಕೂರಿಸಿ ಕಾಫಿ ಕೊಟ್ಟರು. ನೀನು ಒಳಕೋಣೆಯಿಂದ ಬರಲಿಲ್ಲ. ಬಾಗಿಲ ಸಂದಿಯಲ್ಲಿ ನಿನ್ನ ಸೀರೆಯ ಅಂಚು ಕಂಡಿತು, ಅಷ್ಟೇ. ಲೋಟ ಕೆಳಗಿಟ್ಟು ಎದ್ದು ಬಂದೆ. ಇದು ನಾನು ಬರೆಯುತ್ತಿರುವ ಮೂರನೇ ಕಾಗದ. ಮೊದಲಿನೆರಡನ್ನು ಓದಿದೆಯೋ, ಒಲೆಗೆ ಹಾಕಿದೆಯೋ ತಿಳಿಯದು. ಇದನ್ನು ಮಾತ್ರ ಕೊನೆಯವರೆಗೆ ಓದು.

ಆ ಕ್ಯಾಲೆಂಡರಿನ ಹಿಂದೆ ನಾನು ಬರೆದ ಲೆಕ್ಕದ ವಿಷಯಕ್ಕೆ ಬರುತ್ತೇನೆ. ಹಿಂದಿನ ಕಾಗದಗಳಲ್ಲಿ ಅದೊಂದನ್ನು ಬಿಟ್ಟು ಊರ ಸುದ್ದಿಯನ್ನೆಲ್ಲ ಬರೆದೆ, ಹೇಡಿ ನಾನು. ಹೋದ ವರ್ಷ ಶ್ರಾವಣದಲ್ಲಿ ನಮ್ಮ ಕೂಸು ಸಿಂಧು ಮೂರೇ ದಿನದ ಜ್ವರಕ್ಕೆ ಕೈಬಿಟ್ಟು ಹೋದ ಮೇಲೆ ನಿನಗೆ ಸ್ಟೌ ಮುಂದೆ ಕೂರಲು ಆಗುತ್ತಿರಲಿಲ್ಲ. ಅಕ್ಕಿ ತೊಳೆಯಲು ಕೂತವಳು ಆ ನೀರಿನಲ್ಲೇ ಕೈಯಿಟ್ಟುಕೊಂಡು ಕೂತಿರುತ್ತಿದ್ದೆ. ಅದನ್ನು ನೋಡಲಾರದೆ ನಾನು ಪುಟ್ಟಬಸಪ್ಪನ ಹೋಟೆಲಿನಿಂದ ಅನ್ನ ಸಾಂಬಾರಿನ ಪಾರ್ಸೆಲ್ ತರಲು ಶುರು ಮಾಡಿದೆ. ಪಕ್ಕದ ಮನೆ ಪುಟ್ಟಮಲ್ಲಮ್ಮ ಸುಮ್ಮನಿರಬಾರದೆ? “ಗಂಡ ದುಡಿದದ್ದೆಲ್ಲ ಓಟ್ಲಿಗೇ ಸುರೀತಿದ್ದೀರಲ್ಲವ್ವಾ” ಎಂದು ಬಾಗಿಲಲ್ಲಿ ನಿಂತು ಅಂದಳು. ಅವತ್ತಿನಿಂದ ನೀನು ಕೊರಗಲು ಹತ್ತಿದೆ. ಹೋಟೆಲ್ ಊಟ ದುಬಾರಿಯಲ್ಲ ಎಂದು ನಿನಗೆ ತೋರಿಸಿಬಿಟ್ಟರೆ ಆ ಕೊರಗಾದರೂ ತಪ್ಪುತ್ತದೆ ಎಂದುಕೊಂಡು ಲೆಕ್ಕಕ್ಕೆ ಕೂತೆ. ನಂಬಿದರೆ ನಂಬು, ಕಾರಣ ಅದೊಂದೇ.

ಅಕ್ಕಿ, ಬೇಳೆ, ತರಕಾರಿ, ಒಗ್ಗರಣೆ ಎಣ್ಣೆ, ಸೀಮೆಎಣ್ಣೆ ಎಲ್ಲ ಬರೆದೆ. ಮೂವರಿಗೆ ಮನೆಯಲ್ಲಿ ಬೇಯಿಸಿದರೆ ಒಂದು ಹೊತ್ತಿಗೆ ಹನ್ನೆರಡು ರೂಪಾಯಿ, ಪಾರ್ಸೆಲ್ ಆದರೆ ಎರಡು ಬೇಕು, ಹದಿನಾರು. ಆ ಸಾಲಿನ ಮೇಲೆ ಗೆರೆ ಎಳೆದೆ. ಇಬ್ಬರಿಗೆ ಮನೆಯಲ್ಲಿ ಹತ್ತು, ಪಾರ್ಸೆಲ್ ಒಂದೇ ಸಾಕು, ಎಂಟು. ಪರೀಕ್ಷೆ ಪಾಸಾದ ಹುಡುಗನ ಥರ ತಂದು ನಿನ್ನ ಮುಂದೆ ಹಿಡಿದೆನಲ್ಲ, ನನ್ನ ಬುದ್ಧಿಗೆ ಮಣ್ಣು ಹಾಕ. ನಾನು ಹೊಡೆದುಹಾಕಿದ ಸಾಲಿನ ಹನ್ನೆರಡನ್ನೂ ಕೆಳಗಿನ ಎಂಟನ್ನೂ ನೀನು ಬಹಳ ಹೊತ್ತು ನೋಡಿದೆ. “ಕೂಸು ಓಗಿದ್ಕೆ ಒಂದೊತ್ತಿಗೆ ನಾಕ್ ರೂಪಾಯಿ ಉಳೀತು ಅನ್ನಿ” ಅಂದೆ. ಅಷ್ಟೇ ಅಂದದ್ದು, ಅಳಲೂ ಇಲ್ಲ. ಬೆಳಗ್ಗೆ ಮೊದಲ ಬಸ್ಸಿಗೆ ನೀನು ತವರಿಗೆ ಹೊರಟೆ.

ಗೂಡಿನ ಮಾರ್ಕೆಟ್ಟಿನಲ್ಲಿ ರೇಷ್ಮೆಗೂಡು ತೂಗುವಾಗ ಬುಟ್ಟಿಯ ತೂಕ ಕಳೆದು ಬರೆಯುವುದು ನನ್ನ ಕಸುಬು. ಹನ್ನೊಂದು ವರ್ಷದಿಂದ ಕಳೆದೂ ಕಳೆದೂ ಏನನ್ನು ಕಳೆಯಬಾರದು ಎಂಬುದೇ ಮರೆತುಹೋಗಿದೆ. ಆ ಲೆಕ್ಕವಾದರೂ ಸರಿಯಿತ್ತೆ? ಒಂದು ಪಾರ್ಸೆಲ್ ಇಬ್ಬರಿಗೆ ಸಾಕಾಗುತ್ತಿದ್ದದ್ದು ಇಬ್ಬರೂ ಉಣ್ಣುತ್ತಿರಲಿಲ್ಲವಾದ್ದರಿಂದ. ಈಗ ಅದೇ ಒಂದು ಪಾರ್ಸೆಲ್ ನನ್ನೊಬ್ಬನಿಗೆ ತರುತ್ತೇನೆ, ಅರ್ಧ ದನಕ್ಕೆ ಹೋಗುತ್ತದೆ. ಮನೆಗೆ ಬಂದರೆ ಯಾವ ಅಡುಗೆಯ ವಾಸನೆಯೂ ಇಲ್ಲ. ನನಗೆ ಬದುಕು ಸಾಕಾಗಿದೆ ಪುಷ್ಪಾ. ಹೆದರಿಸಲು ಬರೆಯುತ್ತಿಲ್ಲ, ಇರುವುದನ್ನು ಬರೆದೆ.

ಮೊನ್ನೆ ಹನೂರಿನಿಂದ ಅವ್ವ ಬಂದಿದ್ದಳು. ಇಪ್ಪತ್ತನೇ ತಾರೀಕು ಭಾನುವಾರ ಮಹಾಲಯ ಅಮಾವಾಸ್ಯೆ, ಮಗು ತೀರಿಕೊಂಡು ವರ್ಷ ತುಂಬಿತು, ಈ ಸಲ ಅವಳಿಗೂ ಎಡೆ ಇಡಬೇಕು ಎಂದಳು. “ಕೂಸು ಬಾಳಿದ ಮನೇಲೇ ಮಡಗು. ಓಟ್ಲಿಂದ ತಂದು ಮಡಗ್ಬೇಡ ಕಣ್ಲಾ, ಮನೆ ಒಲೇಲಿ ಬೆಂದದ್ದೇ ಆಗ್ಬೇಕು” ಎಂದು ನನ್ನ ಮುಖ ನೋಡಿ ಹೇಳಿದಳು. ಹನೂರಿನಲ್ಲಿ ನಮ್ಮಣ್ಣನ ಮನೆಯ ಎಡೆ ಬಿಟ್ಟು ಅವಳು ಬರುವ ಹಾಗಿಲ್ಲ. ನಾನೇ ಮಾಡುತ್ತೇನೆ ಎಂದಿದ್ದೇನೆ. ಸ್ಟೌ ಬತ್ತಿ ಬದಲಾಯಿಸಿದೆ. ಅನ್ನ ಈಗ ಸೀಯುವುದಿಲ್ಲ.

ಅತ್ತೆಗೆ ನನ್ನ ನಮಸ್ಕಾರ ಹೇಳು. ಶಿವಶಂಕರಣ್ಣನಿಗೂ ಹೇಳು, ಅವರು ಬೈದುಕೊಂಡರೂ ಸರಿಯೇ. ಹೊತ್ತಿಗೆ ಸರಿಯಾಗಿ ಏನಾದರೂ ತಿನ್ನು.

ಇಂತಿ ನಿನ್ನ
ರಂಗನಾಥ

ವಿ.ಸೂ.: ನಾಲ್ಕು ಪುಟ ಬರೆದರೂ ಕೇಳಬೇಕಾದದ್ದನ್ನು ಕೇಳಿಲ್ಲ. ಎಡೆಗೆ ಸತ್ತವರು ಆಸೆಪಟ್ಟು ತಿನ್ನುತ್ತಿದ್ದುದನ್ನೇ ಮಾಡಿ ಬಡಿಸಬೇಕಲ್ಲವೆ. ಹೋಟೆಲಿನಲ್ಲಿ ಸಿಂಧುಗೆ ಏನಿಷ್ಟ ಎಂದು ಕೇಳಿದರೆ ನಿದ್ದೆಯಲ್ಲೂ ಹೇಳುತ್ತೇನೆ: ಖಾಲಿ ದೋಸೆ, ಬಾದಾಮಿ ಹಾಲು, ಬೋಂಡದ ಮೇಲಿನ ಸಿಪ್ಪೆ. ರಜೆ ಬಂದರೆ ನಾನೇ ಕರೆದುಕೊಂಡು ಹೋಗುತ್ತಿದ್ದೆನಲ್ಲ. ಮನೆಯಲ್ಲಿ ಅವಳು ಉಣ್ಣುವ ಹೊತ್ತಿಗೆ ನಾನು ಮಾರ್ಕೆಟ್ಟಿನಲ್ಲಿ ಇರುತ್ತಿದ್ದೆ. ನಿನ್ನ ಕೈಯಡುಗೆಯಲ್ಲಿ ಯಾವುದನ್ನು ಇನ್ನೊಂದು ಚೂರು ಹಾಕು ಎಂದು ಕೇಳುತ್ತಿದ್ದಳು? ಎರಡು ದಿನದಿಂದ ತಲೆ ಚಚ್ಚಿಕೊಂಡರೂ ಒಂದೂ ನೆನಪಾಗುತ್ತಿಲ್ಲ. ಆರು ವರ್ಷ ಅವಳ ಅಪ್ಪನಾಗಿದ್ದೆ, ಅವಳ ಎಲೆಗೆ ಏನು ಬಡಿಸಬೇಕೆಂದು ನನಗೆ ಗೊತ್ತಿಲ್ಲ. ನೀನು ಬರುವುದಾದರೆ ಬಾ. ಬರದಿದ್ದರೆ ಅಮಾವಾಸ್ಯೆಯೊಳಗೆ ಒಂದು ಕಾರ್ಡು ಹಾಕು. ನನಗೆಂದು ಒಂದು ಮಾತೂ ಬೇಡ. ಆ ಅಡುಗೆಯ ಹೆಸರು ಬರೆ, ಖಾರ ಎಷ್ಟು ಹಾಕುತ್ತಿದ್ದೆ ಎಂದು ಬರೆ.