ಈಡು ಹೊಡೆಯುವ ಮುಂಚೆ

ಮಾಸ್ತಿಕಟ್ಟೆ
೪ ಡಿಸೆಂಬರ್ ೨೦೨೪

ಪ್ರೀತಿಯ ಧನ್ಯಶ್ರೀ,

ಹೇಗಿದ್ದೀಯ? ಕಾಲು ಊದುತ್ತಿದೆ ಎಂದು ನಿನ್ನ ಅತ್ತೆಯವರು ಹೇಳಿದರು, ಕಡಿಮೆಯಾಯಿತೇ? ಅವರಿಗೆ ನನ್ನ ನಮಸ್ಕಾರ ತಿಳಿಸು. ಇಷ್ಟು ದಿನ ಬರೆಯದೆ ಇದ್ದುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಮೂರು ಸಲ ಶುರುಮಾಡಿ ಹರಿದೆ. ಫೋನಿನಲ್ಲಾದರೆ ಅರ್ಧಕ್ಕೇ ನಿಲ್ಲಿಸಿಬಿಡುತ್ತೇನೆಂದು ಗೊತ್ತು, ಅದಕ್ಕೇ ಕಾಗದ.

‘ಬಾಣಂತನಕ್ಕೆ ಇಲ್ಲಿಗೆ ಬರಬೇಡ, ನಾನೇ ಹಾವೇರಿಗೆ ಬರುತ್ತೇನೆ’ ಎಂದು ನಾನು ಹೇಳಿದ ದಿನ ಫೋನ್ ಇಟ್ಟವಳು ನೀನು ಮತ್ತೆ ಮಾಡಲಿಲ್ಲ. ಚೊಚ್ಚಲ ಹೆರಿಗೆಗೆ ಮಗಳನ್ನು ಬೇಡವೆನ್ನುವ ತಾಯಿಯ ಮೇಲೆ ಸಿಟ್ಟು ಬರದೆ ಇರುತ್ತದೆಯೇ? ಕಾರಣ ಈಗ ಹೇಳುತ್ತೇನೆ. ನಿನ್ನ ಅಪ್ಪನಿಗೆ ಹುಷಾರಿರಲಿಲ್ಲ. ಕಾಯಿಲೆ ಮನಸ್ಸಿನದು.

ಸೈನ್ಯದಿಂದ ನಿವೃತ್ತರಾಗಿ ಬಂದು ಎರಡು ವರ್ಷವಾದರೂ ಅವರು ಊರಲ್ಲಿ ಯಾರ ಮನೆಗೂ ಹೋಗದೆ ಇದ್ದದ್ದನ್ನು ನೀನು ಕಂಡಿದ್ದೀಯ. ಕಾಣದೆ ಇದ್ದದ್ದು ಬೇರೆ. ಬಾಳೆಗೆ ನುಗ್ಗುವ ಮಂಗಗಳನ್ನು ಓಡಿಸಲು ಅಕ್ಕಪಕ್ಕದವರು ಕೋವಿಯಿಂದ ಒಂದು ಈಡು ಹೊಡೆದರೆ ಸಾಕು, ಇವರು ಇದ್ದಲ್ಲೇ ನೆಲಕ್ಕೆ ಬೀಳುತ್ತಿದ್ದರು. ಎದ್ದ ಮೇಲೆ ದಿನವಿಡೀ ಮಾತಿಲ್ಲ.

ಜೂನ್ ಕೊನೆಗೆ, ಅವರಿಗೆ ಹೇಳದೆ, ಜಟ್ಟಿಂಗಪ್ಪನವರಿಗೆ ಫೋನ್ ಮಾಡಿದೆ. ಅಪ್ಪನ ಕೈಕೆಳಗೆ ಹವಾಲ್ದಾರರಾಗಿದ್ದವರು, ಈಗ ಸಾಗರದಲ್ಲಿದ್ದಾರೆ. ಮರುದಿನವೇ ಬಂದರು. ಕಾಫಿ ಕುಡಿದು, "ಸಾಬ್, ಮೊಣಕಾಲಿಗೆ ಎಣ್ಣೆ ತಿಕ್ಕಿಸ್ಕೊಳ್ಳಕ್ಕೆ ನಿಮ್ಗೆ ನಾಚ್ಕೆ ಇಲ್ಲ. ಇದಕ್ಕೆಂತ ನಾಚ್ಕೆ? ನಾನೂ ಮೂರು ವರ್ಷ ಮಾತ್ರೆ ತಿಂದಿದೀನಿ. ನೋಡಿ, ಕೊಂಬೇನೂ ಬಂದಿಲ್ಲ" ಎಂದರು. ಅಪ್ಪ ನಗಲಿಲ್ಲ. ಆದರೆ ಅಂಗಿ ಹಾಕಿಕೊಂಡು ಹೊರಟರು. ಅಂದಿನಿಂದ ಹದಿನೈದು ದಿನಕ್ಕೊಮ್ಮೆ ಬುಧವಾರ ಸಾಗರದ ಡಾಕ್ಟರ್ ವಾಗ್ದೇವಿಯವರ ಹತ್ತಿರ ಹೋಗುತ್ತಾರೆ. ಸದ್ದಿಗಿಂತಲೂ ಅದು ಹೇಳದೆ ಕೇಳದೆ ಬರುವುದೇ ಇವರನ್ನು ಕೆಡಿಸುತ್ತಿದೆ ಎಂದರಂತೆ ಡಾಕ್ಟರು.

ಸೆಪ್ಟೆಂಬರಿನಲ್ಲಿ ಒಂದು ಬೆಳಿಗ್ಗೆ ಹಾಲು ಹಾಕಲು ಡೈರಿಗೆ ನನ್ನ ಜೊತೆ ಅವರೂ ಬಂದರು. ಎಲ್ಲರೂ ಕ್ಯಾನು ಹಿಡಿದು ನಿಂತಿದ್ದರು. ಅಪ್ಪ ಅಲ್ಲೇ ಅಂದರು: "ಈಡಿನ ಸದ್ದು ಕೇಳಿದ್ರೆ ನಂಗೆ ಹುಚ್ಚು ಹಿಡಿದಂಗೆ ಆಗ್ತದೆ. ಔಷಧಿ ತಗಳ್ತಿದೀನಿ. ಹೊಡೆಯೋ ಮುಂಚೆ ಒಂದು ಮಾತು ಹೇಳಿದ್ರೆ ಉಪಕಾರ."

ಯಾರ ಬಳಿಯೂ ಏನೂ ಕೇಳದ ಮನುಷ್ಯ! ನಾನು ಕ್ಯಾನಿನ ಮುಚ್ಚಳ ನೋಡುತ್ತ ನಿಂತೆ.

ಮೊದಲು ಬಾಯಿಬಿಟ್ಟವರು ಮೇಲಿನ ಮನೆ ರಂಗಮ್ಮ. "ಇಷ್ಟೇಯನಾ? ನಾವು ಮಿಲ್ಟ್ರಿ ಜಂಬ ಅಂದ್ಕಂಡಿದ್ವಲ ಮಾರಾಯ! ನಂಬರ್ ಕೊಡು ಇತ್ಲಗೆ."

ಅವತ್ತೇ ಮಧ್ಯಾಹ್ನ ಅಪ್ಪನಿಗೆ ರಂಗಮ್ಮನ ಫೋನ್ ಬಂತು. "ದುಗ್ಗಪ್ಪ, ಒಂದು ಈಡು ಹೊಡೀಲನಾ?" ಅಪ್ಪ ಒಳಕೋಣೆಗೆ ಹೋಗಿ, ಬಾಗಿಲು ಹಾಕಿಕೊಂಡು, "ಹೊಡೀರಿ ರಂಗಕ್ಕ" ಎಂದರು. ಸದ್ದಾಯಿತು. ಸ್ವಲ್ಪ ಹೊತ್ತಿಗೆ ತಾವೇ ಹೊರಗೆ ಬಂದು ನೀರು ಕುಡಿದರು.

ಇಲ್ಲಿ ಕೋವಿ ಇರುವ ಮನೆ ಏಳು. ಏಳು ಮನೆಯವರೂ ಫೋನ್ ಮಾಡುತ್ತಾರೆ, ಧನ್ಯಾ. ಈ ಮೂರು ತಿಂಗಳಲ್ಲಿ ಒಬ್ಬರೂ ಒಂದು ಸಲವೂ ಮರೆತಿಲ್ಲ. ನೆಟ್‌ವರ್ಕ್ ಸಿಗದ ದಿನ ಪೂರ್ಣೇಶ್ ಗದ್ದೆ ದಾಟಿ ಓಡಿಬಂದು ಕೇಳಿ, ವಾಪಸು ಓಡಿಹೋಗಿ ಹೊಡೆದ. ಅಷ್ಟರಲ್ಲಿ ಮಂಗಗಳು ಅರ್ಧ ಗೊನೆ ಮುಗಿಸಿದ್ದವು. ರಂಗಮ್ಮನಂತೂ, "ಬೇಗ ಹೇಳು, ಗಡವ ಮಂಗ ಗೊನೆ ಮೇಲೇ ಕೂತು ನನ್ನ ಮುಖ ನೋಡ್ತಾ ಇದೆ" ಎಂದು ಬೈಯುತ್ತಾರೆ. ಇಂಥ ಜನರ ನಡುವೆ ಇಷ್ಟು ವರ್ಷ ಬದುಕಿ, ಇವರನ್ನು ನೋಡೇ ಇರಲಿಲ್ಲವಲ್ಲ ಎಂದು ನನಗೆ ಬೆರಗಾಗುತ್ತದೆ. ಅಪ್ಪ ಈಗ ಅಂಗಳದಲ್ಲಿ ನಿಂತೇ "ಹೊಡೀರಿ" ಅನ್ನುತ್ತಾರೆ. ಒಂದು ಕೈಯಲ್ಲಿ ಕಂಬ ಹಿಡಿದಿರುತ್ತಾರೆ, ಅಷ್ಟೇ. ಮೊನ್ನೆ ಸದ್ದಾದ ಮೇಲೆ, "ಗುರಿ ತಪ್ಪಿತು ರಂಗಕ್ಕ" ಎಂದು ಫೋನಿನಲ್ಲೇ ತಮಾಷೆ ಮಾಡಿದರು. ನಾನು ಒಳಗೆ ಹೋಗಿ ಅತ್ತೆ.

ಆದ್ದರಿಂದ ನನ್ನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನಿನ್ನ ಮನೆಗೆ ನೀನು ಬಾ. ನೀನೂ ಹೊಟ್ಟೆಯಲ್ಲಿರುವ ಕೂಸೂ ತಂಪಾಗಿರಿ, ಹಗುರವಾಗಿ ಹೆರಿಗೆಯಾಗಲಿ.

ನಿನ್ನ ಅಮ್ಮ,
ತನುಜಾ

ಮರೆತ ಮಾತು: ಮರೆತದ್ದಲ್ಲ, ಬಿಟ್ಟದ್ದು. ಕಾಗದವನ್ನು ಅಪ್ಪನಿಗೆ ಓದಿ ಹೇಳಿದೆ. "ಮುಖ್ಯವಾದ್ದೇ ಇಲ್ವಲ್ಲ ಇದ್ರಲ್ಲಿ" ಎಂದರು.

ಜೂನಿನಲ್ಲಿ ನನ್ನ ಕೈ ಮುರಿದದ್ದು ಪಾಚಿಯಲ್ಲಿ ಜಾರಿ ಬಿದ್ದು ಎಂದು ನಿನಗೆ ಹೇಳಿದ್ದೆ. ಸುಳ್ಳು. ಅವತ್ತು ಈಡಿನ ಸದ್ದಾದಾಗ ನಾನು ಹಿಂದಿನಿಂದ ಹೋಗಿ ಅವರ ಹೆಗಲ ಮೇಲೆ ಕೈಯಿಟ್ಟೆ. ತಿರುಚಿ ನೆಲಕ್ಕೆ ಕೆಡವಿದರು. ನನ್ನನ್ನು ಗುರುತು ಹಿಡಿಯುವ ಹೊತ್ತಿಗೆ ಮೂಳೆ ಮುರಿದಿತ್ತು. ನೀನು ಬರಬೇಡವೆಂದದ್ದು ಅದಕ್ಕೆ.

"ಹೊಟ್ಟೇಲಿ ಕೂಸು ಹೊತ್ಕೊಂಡು ಬರೋಳು ಅವ್ಳು. ಗೊತ್ತಿದ್ದೇ ಬರ್ಲಿ. ಹೆದರ್ಕೆ ಆದ್ರೆ ಬರದು ಬೇಡ, ನಾನೇ ಹೋಗಿ ದೂರದಿಂದ ನೋಡ್ಕೊಂಡು ಬರ್ತೀನಿ" ಎಂದರು. ನಾನು ಬರೆದದ್ದಕ್ಕೆ ತಾವೂ ಸಹಿ ಹಾಕುವುದಾಗಿ ಹೇಳಿ ಪೆನ್ನು ತೆಗೆದುಕೊಂಡಿದ್ದಾರೆ.

ಇದು ನಿಜ.
ಅಪ್ಪ