ಅಜ್ಜನ ಚಪ್ಪಲಿಯ ವಿಚಾರಣೆ

ಅಸುಕ್ವಾ,
14 ಮಾರ್ಚ್ 1974

ಪ್ರೀತಿಯ ಅಫುವಾ,

ನಿನ್ನ ಎರಡು ಪತ್ರಗಳೂ ಬಂದಿವೆ. ಉತ್ತರ ತಡವಾಯಿತು, ಸಿಟ್ಟಾಗಬೇಡ. ಶಾಲೆಯ ಕೆಲಸ ಎಂದು ನೆಪ ಹೇಳೋಣವೆಂದರೆ ಶಾಲೆಯೇ ನಡೆದಿಲ್ಲ. ನನ್ನ ಆರನೇ ತರಗತಿಯ ಕೋಣೆಯಲ್ಲಿ ಸರ್ಕಾರದ ವಿಚಾರಣಾ ಆಯೋಗ ಕೂತಿತ್ತು. ಮಕ್ಕಳು ಹೊರಗೆ ಮಾವಿನ ಮರದ ಕೆಳಗೆ ಪಾಠ ಬಿಟ್ಟು, ಕಿಟಕಿಯಲ್ಲಿ ಇಣುಕಿ, ದೊಡ್ಡವರು ಪ್ರಮಾಣ ಮಾಡಿ ಸುಳ್ಳು ಹೇಳುವುದನ್ನು ಕಲಿತರು. ಈ ವರ್ಷ ಅವರು ಚೆನ್ನಾಗಿ ಕಲಿತ ಪಾಠ ಅದೊಂದೇ ಇರಬೇಕು.

ಟಮಾಲೆಯಲ್ಲಿ ಬಿಸಿಲು ವಿಪರೀತ ಎಂದು ಬರೆದಿದ್ದೀಯೆ. ಆಸ್ಪತ್ರೆಯ ಪಾಳಿ ಮುಗಿಸಿ ಬಂದವಳು ಊಟ ಬಿಟ್ಟು ಮಲಗಬೇಡ. ಲಾರಿಯವನ ಕೈಯಲ್ಲಿ ಹೊಗೆಮೀನು ಕಳಿಸಿದ್ದೇನೆ.

ಇನ್ನು ನಿನ್ನ ಪ್ರಶ್ನೆಗೆ ಬರುತ್ತೇನೆ. 'ಆಯೋಗ ಅಣ್ಣನ ಪರವಾಗಿ ತೀರ್ಪು ಕೊಟ್ಟಿತಂತೆ, ನಿಜವೇ? ಹಾಗಾದರೆ ಹಬ್ಬಕ್ಕೆ ಅವನಿಗೊಂದು ಒಳ್ಳೆಯ ಹೊದಿಕೆ ತರುತ್ತೇನೆ' ಎಂದಿದ್ದೀಯೆ. ನಿಜ. ಅಜ್ಜನನ್ನು ಪೀಠದಿಂದ ಇಳಿಸಿದ್ದು ಸರಿ, ಅವರ ಜಾಗದಲ್ಲಿ ನಿನ್ನ ಅಣ್ಣನನ್ನು, ನಮ್ಮ ಯಾವ್‌ನನ್ನು ಕೂರಿಸಿದ್ದೂ ಸರಿ ಎಂದು ಅವರು ಹೇಳಿಹೋದರು. ಅದು ಹೇಗೆ ಸರಿಯಾಯಿತು ಎಂಬುದನ್ನು ಮಾತ್ರ ನೀನು ನನ್ನಿಂದಲೇ ಕೇಳು.

ಆಯೋಗದ ಅಧ್ಯಕ್ಷರು ಲ್ಯಾಂಪ್ಟಿ ಎಂಬ ವಕೀಲರು, ಅಕ್ರಾದ ಸಮುದ್ರದಂಡೆಯವರು. ನಮ್ಮ ಕಡೆಯ ಪದ್ಧತಿಗಳು ಅವರಿಗೆ ತಿಳಿಯವು. ತಿಳಿಯದಿರುವುದು ತಪ್ಪಲ್ಲ. ತಿಳಿದವರಂತೆ ತಲೆಯಾಡಿಸುತ್ತಿದ್ದುದನ್ನು ನೋಡಲಾಗುತ್ತಿರಲಿಲ್ಲ. ಹಿರಿಯರ ಮುಖ್ಯಸ್ಥ ಅಪೆಂಟೆಂಗ್ ಅರ್ಧ ದಿನ ನಿಂತು, ನಾವು ತೊಟ್ಟಿಲಲ್ಲೇ ಕಲಿಯುವುದನ್ನು ಅವರಿಗೆ ಕಲಿಸಿದ: ಅರಸನ ಬರಿಗಾಲು ನೆಲ ಮುಟ್ಟಬಾರದು, ಹಿರಿಯರು ಅವನ ಚಪ್ಪಲಿ ಕಳಚಿ ಕಾಲನ್ನು ಮಣ್ಣಿಗೆ ತಾಗಿಸಿದರೆ ಅಂದಿನಿಂದ ಅವನು ಅರಸನಲ್ಲ. ಅಜ್ಜ ಕಾಡಿನ ಮರ ಕಡಿಯುವ ಒಪ್ಪಂದಕ್ಕೆ ಹೆಬ್ಬೆಟ್ಟು ಒತ್ತಲಿಲ್ಲ ಎಂಬುದನ್ನು ಮಾತ್ರ ಆ ಅರ್ಧ ದಿನದಲ್ಲಿ ಅವನು ಎಲ್ಲೂ ಹೇಳಲಿಲ್ಲ. ಅಜ್ಜನನ್ನು ಇನ್ನೂ ಅರಸನನ್ನು ಕರೆಯುವಂತೆ 'ನಾನಾ' ಎಂದೇ ಕರೆದು, 'ನಾನಾಗೆ ವಯಸ್ಸಾಯ್ತು, ಮರೆವು ಜಾಸ್ತಿ' ಎಂದ. ಮರೆವಂತೆ! ಕಂಟ್ರಾಕ್ಟರನ ಹೆಸರನ್ನೂ ಅವನು ಕೊಡಲು ಬಂದ ಹೊಸ ಕಾರಿನ ಬಣ್ಣವನ್ನೂ ಅಜ್ಜ ಇವತ್ತಿಗೂ ಹೇಳುತ್ತಾರೆ.

ಅಜ್ಜನನ್ನು ಇಳಿಸಿದ ಮಧ್ಯಾಹ್ನ ನಡೆದದ್ದನ್ನು ನಾನು ಬಾಗಿಲಲ್ಲಿ ನಿಂತು ಕಂಡಿದ್ದೇನೆ. ಅಜ್ಜನ ಕಾಲು ಊದಿತ್ತು. ಚಪ್ಪಲಿ ಬಿಟ್ಟು, ಪಾದಗಳನ್ನು ಕುರಿಚರ್ಮದ ಮೇಲೆ ಇಟ್ಟುಕೊಂಡು ಅಂಗಳದಲ್ಲಿ ಕೂತಿದ್ದರು. ಅಪೆಂಟೆಂಗ್ ಊರಿನ ಅರ್ಧ ಗಂಡಸರನ್ನು ಕಟ್ಟಿಕೊಂಡು, ಡೋಲು ಹೊಡೆಸುತ್ತ ಬಂದ. ಬಂದವನು ಬಾಗಿ ನೋಡುತ್ತಾನೆ, ಕಾಲಲ್ಲಿ ಚಪ್ಪಲಿಯೇ ಇಲ್ಲ! ಡೋಲು ನಿಂತಿತು. ಹಿರಿಯರು ಗುಂಪುಗೂಡಿ ಪಿಸುಗುಟ್ಟಿದರು. ಕಳಚದೆ ಇಳಿಸುವಂತಿಲ್ಲ, ಕಳಚಲು ಏನೂ ಇಲ್ಲ. ಬಾಗಿಲಾಚೆ ನಿಂತಿದ್ದ ಮೀನು ಮಾರುವ ಅಬ್ರೆಫಿ ಸುಮ್ಮನಿರುತ್ತಾಳೆಯೆ? 'ಏನ್ರೋ, ಕೋಳಿ ಪುಕ್ಕ ಕೀಳೋಕೆ ಬಂದು, ಆಗ್ಲೇ ಬೋಳಾಗಿದೆ ಅಂತ ನಿಂತ್ಬಿಟ್ರಾ? ಹೋಗ್ರೋ, ಮನೇಗ್ ಹೋಗಿ ಹೆಂಡ್ತೀರ್ ಚಪ್ಲಿ ಕಳಚ್ರೋ!' ಎಂದಳು. ಜನ ನಕ್ಕರು. ಅಜ್ಜನೂ ನಕ್ಕರು.

ಅವರು ಅಲ್ಲಿಗೇ ಬಿಟ್ಟು ಹೋಗಬೇಕಿತ್ತು. ಆದರೆ ಪದ್ಧತಿಯನ್ನು ಕೊಲ್ಲಲು ಬಂದವರಿಗೂ ಪದ್ಧತಿ ಬೇಕು ನೋಡು. ಒಳಗಿನಿಂದ ಚಪ್ಪಲಿ ತರಿಸಿದರು. ಅಜ್ಜನ ಕಾಲಿಗೆ ತೊಡಿಸಲಾಯಿತು. ತೊಡಿಸಿದ್ದನ್ನೇ ಅಪೆಂಟೆಂಗ್ ಎಳೆದು ಕಳಚಿದ. ಇಬ್ಬರು ಹಿಡಿದು ಕಾಲನ್ನು ಮಣ್ಣಿಗೆ ಒತ್ತಿದರು. ಡೋಲು ಮತ್ತೆ ಶುರುವಾಯಿತು.

ಆಯೋಗದ ಮುಂದೆ ಸಾಕ್ಷಿಗಳು ಒಬ್ಬರ ಹಿಂದೊಬ್ಬರು ಬಂದು, ನಾನಾ ಬೆಳಗಿನಿಂದಲೇ ಚಪ್ಪಲಿ ತೊಟ್ಟಿದ್ದರು ಎಂದರು. ಚಪ್ಪಲಿಗಳನ್ನು ತಂದು ನನ್ನ ಮೇಜಿನ ಮೇಲೆ, ಸೀಮೆಸುಣ್ಣದ ಡಬ್ಬಿಯ ಪಕ್ಕ ಇಟ್ಟರು. ಲ್ಯಾಂಪ್ಟಿಯವರು ಒಂದನ್ನು ಕರವಸ್ತ್ರದಲ್ಲಿ ಎತ್ತಿ, ಅಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಸತ್ಯ ಅಟ್ಟೆಗೆ ಅಂಟಿಕೊಂಡಿದೆ ಎಂದುಕೊಂಡಿದ್ದರೇನೋ.

ನನ್ನ ಸರದಿ ಬಂದಾಗ ಇಂಗ್ಲಿಷಿನಲ್ಲೇ ಮಾತಾಡಿದೆ, ದುಭಾಷಿ ಏನೂ ನುಂಗಬಾರದೆಂದು. ಅವರ ಮೊದಲ ಪ್ರಶ್ನೆ: 'ಕಳಚುವಾಗ ಕಾಲಲ್ಲಿ ಚಪ್ಪಲಿ ಇತ್ತೋ ಇಲ್ವೋ?'

'ಇತ್ತು. ಆದ್ರೆ ಅದನ್ನ ಆಗ್ತಾನೇ ತೊಡಿಸಿದ್ರು.'

'ಕಳಚಿದವ್ರಿಗೆ ಆ ಹಕ್ಕು ಇತ್ತಾ?'

'ಹಿರಿಯರ ಮುಖ್ಯಸ್ಥನಿಗೆ ಆ ಹಕ್ಕು ಇದೆ. ಆದ್ರೆ ತೊಡಿಸಿದ್ದು...'

'ಮೇಡಂ, ಕಳಚಿದ್ದರ ಬಗ್ಗೆ ವಿಚಾರಿಸಿ ಅಂತ ಸರ್ಕಾರ ನಮ್ಮನ್ನ ಕಳಿಸಿದೆ. ತೊಡಿಸಿದ್ದು ನಮ್ಮ ವ್ಯಾಪ್ತಿಗೆ ಬರಲ್ಲ. ಥ್ಯಾಂಕ್ಯೂ.'

ನಾನು ಇಳಿದು ಬಂದೆ. ಆ ಮನುಷ್ಯನ ಮೇಲೆ ನನಗೆ ಹೇಸಿಗೆಯಾಯಿತು. ಜೊತೆಗೇ ಎದೆ ಒಂದಿಷ್ಟು ಹಗುರವೂ ಆಯಿತು. ಯಾಕೆ ಹಗುರವಾಯಿತು ಎಂದು ಅಂದಿನಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಉತ್ತರ ಗೊತ್ತಿಲ್ಲವೆಂದಲ್ಲ, ಅದು ನನಗೆ ಇಷ್ಟವಾಗುವ ಉತ್ತರವಲ್ಲ.

ಕೊನೆಗೆ ಅಜ್ಜನನ್ನು ಕರೆದರು. ಬರಿಗಾಲಲ್ಲೇ ಬಂದರು.

'ನಿಮ್ಮನ್ನ ಇಳಿಸಿದ್ದು ಯಾರು?' ಎಂದು ಕೇಳಿದರು.

'ನಮ್ಮನೆ ಜನಾನೇ' ಎಂದರು ಅಜ್ಜ.

ವರದಿಯಲ್ಲಿ ಅದು ಹೇಗೆ ಬಂದಿದೆ ಗೊತ್ತೇ? 'ಅರಸನ ಕುಟುಂಬದ ಸಮ್ಮತಿಯಿತ್ತು.' ಬರೆದವರು ಕಲ್ಲಾಗಿದ್ದರೂ ಸ್ವಲ್ಪ ಬೆವರಬೇಕಿತ್ತು. ಲ್ಯಾಂಪ್ಟಿಯವರು ಅಪೆಂಟೆಂಗನ ಮನೆಯಲ್ಲಿ ಫೂಫೂ ಮುದ್ದೆ, ಕಾಡುಮಾಂಸದ ಸಾರು ಉಂಡು, ಬೆರಳು ತೊಳೆದು ಜೀಪು ಹತ್ತಿದರು. ಮೊದಲ ಮರದ ಲಾರಿ ಮರುವಾರವೇ ನಮ್ಮ ಶಾಲೆಯ ಮುಂದೆ ಹಾದುಹೋಯಿತು.

ನಿನ್ನ ಅಣ್ಣ ನನ್ನನ್ನು ಅರಮನೆಗೆ ಕರೆಸಿದ್ದ. ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟೆ, ಭುಜದ ಹೊದಿಕೆ ಇಳಿಸಿದೆ. ಪೀಠಕ್ಕೆ ಕೊಡುವ ಮರ್ಯಾದೆ ಅದು, ಮೇಲೆ ಯಾರೇ ಕೂತಿರಲಿ. ಎಲ್ಲರನ್ನೂ ಹೊರಗೆ ಕಳಿಸಿ ಹತ್ತಿರ ಬಂದ. 'ಅಮ್ಮಾ, ಇನ್ನೂ ಮುಖ ಊದಿಸ್ಕೊಂಡಿದ್ದೀಯಲ್ಲ. ಸರ್ಕಾರವೇ ಸರಿ ಅಂದ ಮೇಲೆ ಇನ್ನೇನು?'

'ಸರ್ಕಾರಕ್ಕೆ ಮುಗೀತು ಮಗನೇ. ನಿಂಗೂ ಮುಗೀತಾ?'

'ನಾನೇನೂ ಮಾಡ್ಲಿಲ್ಲ. ಹಿರಿಯರು ಹೇಳಿದ್ದಷ್ಟು ಮಾಡ್ದೆ.'

ಎರಡು ಮಾತೂ ಒಂದೇ ಉಸಿರಲ್ಲಿ ಬಂದವು, ಅಫುವಾ. ಇವನಿಗೆ ಓದು ಕಲಿಸಿದವಳು ನಾನೇ. ಒಂದು ವಾಕ್ಯದ ಹಿಂದೆ ಅಡಗಿಕೊಳ್ಳುವುದನ್ನೂ ನಾನೇ ಕಲಿಸಿದೆನೋ ಏನೋ.

ಅಜ್ಜ ಈಗ ನಮ್ಮ ಮನೆಯಲ್ಲಿದ್ದಾರೆ. ಸಾರು ಉಪ್ಪಾಯಿತು ಎಂದು ಬೈಯುತ್ತಾರೆ. ಅದು ಒಳ್ಳೆಯ ಲಕ್ಷಣ. ಅಬ್ರೆಫಿ ಬಂದು ಊರಿನ ಚಾಡಿಯನ್ನೆಲ್ಲ ಸುರಿದು ಹೋಗುತ್ತಾಳೆ.

ಹಬ್ಬಕ್ಕೆ ಬರುವುದೂ ಬಿಡುವುದೂ ನಿನಗೆ ಬಿಟ್ಟದ್ದು. ಹೊದಿಕೆ ಕೊಳ್ಳುವ ಮೊದಲು ಈ ಪತ್ರವನ್ನು ಪೂರ್ತಿ ಓದು, ಅಷ್ಟೇ. ನಿನ್ನ ಕೈ ಮುಟ್ಟಿದ ರೋಗಿಗಳೆಲ್ಲ ಎದ್ದು ನಡೆಯಲಿ. ನೀನು ನಡೆಯುವ ದಾರಿ ತಂಪಾಗಿರಲಿ.

ನಿನ್ನ ತಾಯಿ,
ಅಕೊಸುವಾ ಬಿರಾಗೊ

ಮರೆತದ್ದು: ಮರೆತದ್ದಲ್ಲ. ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಆ ದಿನ ಒಳಗಿನಿಂದ ಚಪ್ಪಲಿ ತಂದವನು ನಿನ್ನ ಅಣ್ಣ. ಬೇರೆ ಯಾರು ಬಾಗಿದ್ದರೂ ಅಜ್ಜ ಕಾಲು ಕೊಡುತ್ತಿರಲಿಲ್ಲ, ಅದು ಹಿರಿಯರಿಗೆ ಗೊತ್ತಿತ್ತು. ಯಾವ್ ಮಂಡಿಯೂರಿದ. ಅಜ್ಜ ಊದಿದ ಕಾಲನ್ನು ತಾವೇ ಎತ್ತಿಕೊಟ್ಟರು. 'ಬಂದ್ಯಾ ಕಂದಾ? ಇಷ್ಟು ಜನದಲ್ಲಿ ನಿಂಗೊಬ್ಬನಿಗೇ ನೆನಪಾಯ್ತು ನೋಡು, ಮುದುಕ ಬರಿಗಾಲಲ್ಲಿದ್ದಾನೆ ಅಂತ' ಎಂದು ಅವನ ತಲೆಯ ಮೇಲೆ ಕೈಯಿಟ್ಟರು. ಆ ಕೈ ಇನ್ನೂ ತಲೆಯ ಮೇಲಿದ್ದಾಗಲೇ ಅವನು ಪಕ್ಕಕ್ಕೆ ಸರಿದು ಅಪೆಂಟೆಂಗನಿಗೆ ಜಾಗ ಮಾಡಿಕೊಟ್ಟ.

ನಿನ್ನೆ ಸಂತೆಯಿಂದ ಒಂದು ಜೊತೆ ಮೆತ್ತನೆಯ ಚಪ್ಪಲಿ ತಂದೆ. ತೊಡಿಸೋಣವೆಂದು ಅಜ್ಜನ ಮುಂದೆ ಮಂಡಿಯೂರಿದೆ. ಅವರು ಎರಡೂ ಕಾಲುಗಳನ್ನು ಕುರ್ಚಿಯ ಕೆಳಗೆ ಎಳೆದುಕೊಂಡರು.