ಅಂಗಳಕ್ಕೆ ಕೇಳುವಷ್ಟು ನೋವು

ದೇವಸ್ಥಾನದ ಮನೆ,
ಬಿಟ್ಟಂಗಾಲದ ಹತ್ತಿರ,
೮–೧–೨೦೨೫, ಬುಧವಾರ

ಚಿ. ಹಂಸಿನಿಗೆ ದೊಡ್ಡಪ್ಪನ ಆಶೀರ್ವಾದ. ಇಲ್ಲಿ ಎಲ್ಲರೂ ಕ್ಷೇಮ ಅಂತ ಬರೆಯುವುದು ರೂಢಿ. ನಾನು ಬರೆಯುವುದಿಲ್ಲ.

ಫೋನಿರುವಾಗ ಕಾಗದ ಯಾಕೆ ಅಂತ ನಗಬೇಡ. ನನ್ನ ಫೋನನ್ನು ನಿನ್ನ ಅಪ್ಪ ದಿನಾ ಸಂಜೆ ತೆಗೆದು ನೋಡುತ್ತಾನೆ. ಮಾತಾಡೋಣ ಅಂದರೆ ಮನೆ ತುಂಬ ಕಿವಿ. ನಾಲ್ಕನೇ ಕ್ಲಾಸಿಗೆ ಬಿಟ್ಟವನ ಅಕ್ಷರ, ಹೇಗೋ ಓದಿಕೋ.

ದಸರಾ ರಜೆಗೆ ಬಂದಾಗ ನಿಮ್ಮ ಫಿಸಿಯೋಥೆರಪಿ ಕಾಲೇಜಿನದು ಅಂತ ನನ್ನ ಮಂಡಿನೋವಿಗೆ ಒಂದು ಆ್ಯಪ್ ಹಾಕಿಕೊಟ್ಟು ಹೋದೆಯಲ್ಲ, ಅದರ ಕಥೆ ಕೇಳು. ಬೆಳಗ್ಗೆ ಆರಕ್ಕೆ ಅದರೊಳಗಿನ ಹುಡುಗಿ, ಇವತ್ತು ನಿಮ್ಮ ನೋವು ಎಷ್ಟು, ಸೊನ್ನೆಯಿಂದ ಹತ್ತರೊಳಗೆ ಹೇಳಿ ಅಂತ ಕೇಳುತ್ತಾಳೆ. ಆರಕ್ಕೆ ನಾನೆಲ್ಲಿರುತ್ತೇನೆ? ನೈವೇದ್ಯದ ಕೋಣೆಯಲ್ಲಿ, ಮಡಿಯಲ್ಲಿ. ಫೋನು ಮುಟ್ಟಿದರೆ ಮತ್ತೆ ಸ್ನಾನ. ಈ ಧನುರ್ಮಾಸದ ಚಳಿಯಲ್ಲಿ ಎರಡೆರಡು ಸಲ ತಣ್ಣೀರು ಹೊಯ್ದುಕೊಂಡರೆ ಮಂಡಿ ಹಾಗಿರಲಿ, ಮನುಷ್ಯನೇ ಉಳಿಯುವುದಿಲ್ಲ. ಹಾಗಾಗಿ ಫೋನು ಹೊರಗೆ ಕಟ್ಟೆಯ ಮೇಲೆ. ಅಂಗಳ ಗುಡಿಸುವ ಬೊಳ್ಳಪ್ಪ ಒತ್ತುತ್ತಾನೆ. ನಾನು ಒಳಗಿನಿಂದ ನಂಬರು ಕೂಗಬೇಕು.

ಅಂಗಳದಲ್ಲಿ ಯಾರ್ಯಾರು? ಗಂಟೆ ಹಿಡಿದು ನಿಂತ ಅರ್ಚಕರು, ಅಂದರೆ ನಿನ್ನ ಅಪ್ಪ ಅನಂತಕೃಷ್ಣ. ದೇವಸ್ಥಾನ ಸಮಿತಿಯ ಸತೀಶ್. ಕಾಫಿ ಪಿಕ್ಕಿಂಗಿಗೆ ಹೊರಟು ಹುಗ್ಗಿ ಪ್ರಸಾದಕ್ಕೆ ನಿಂತ ಹೆಂಗಸರು. ಅವರಿಗೆಲ್ಲ ಕೇಳುವ ಹಾಗೆ ಎಂಟು ಅಂತ ಹೇಗೆ ಕೂಗಲಿ? ನನ್ನ ಜಾಗಕ್ಕೆ ಸಮಿತಿಯವರು ಪುತ್ತೂರು ಕಡೆಯ ಅಡಿಗೆಯವನೊಬ್ಬನನ್ನು ಆಗಲೇ ನೋಡಿಟ್ಟಿದ್ದಾರೆ. ಎರಡು ಅಂತ ಕೂಗಿದೆ. ದಿನಾ ಎರಡೇ. ಅಯ್ಯ, ನಿಮಗೆ ವಯಸ್ಸಾಯಿತು, ನಿಮ್ಮ ನೋವಿಗೆ ಮಾತ್ರ ವಯಸ್ಸು ಆಗಲೇ ಇಲ್ಲವಲ್ಲ, ಇನ್ನೂ ಎರಡೇ ಅಂದ ಬೊಳ್ಳಪ್ಪ. ಬಾಯಿ ಮುಚ್ಚಿಕೊಂಡು ಗುಡಿಸು ಅಂದೆ.

ಆ ಹುಡುಗಿ ನಂಬಿಬಿಟ್ಟಳು. ಶಭಾಷ್ ಅಂದು ಮುಂದಿನ ಹಂತಕ್ಕೆ ಹತ್ತಿಸಿದಳು. ಕೈ ಊರದೆ ಕುರ್ಚಿಯಿಂದ ಏಳುವುದು. ಅದನ್ನು ಸಂಜೆ ಜಗಲಿಯಲ್ಲಿ ನಿನ್ನ ಅಪ್ಪನ ಎದುರಿಗೇ ಮಾಡಬೇಕು. ಅವನು ಎಣಿಸುತ್ತಾನೆ, ನಮ್ಮಣ್ಣ ಹುಡುಗನಾದ ಅಂತ ಬಂದವರಿಗೆಲ್ಲ ತೋರಿಸುತ್ತಾನೆ. ಈಗ ಒಂದೇ ಕಾಲಿನ ಮೇಲೆ ಭಾರ ಹಾಕಿ ಮೆಟ್ಟಿಲು ಹತ್ತಿ ಇಳಿಯುವುದು. ಹಲ್ಲು ಕಚ್ಚಿಕೊಂಡು ಇಳಿದರೆ, ನಗುತ್ತಿದ್ದೇನೆ ಅಂದುಕೊಂಡಿದ್ದಾನೆ ನಿನ್ನ ಅಪ್ಪ. ತುಂಬಾ ಸುಧಾರಣೆ, ಇನ್ನು ಮಾತ್ರೆ ಬೇಕಾ ಅಂತ ನಿಮ್ಮ ಡಾಕ್ಟರನ್ನು ಕೇಳಿ ಅಂತ ಹೋದ ವಾರ ನಿಮ್ಮ ಕಾಲೇಜಿನಿಂದಲೇ ಫೋನು. ನಿನ್ನ ಅಪ್ಪ ಡಾಕ್ಟರನ್ನು ಕೇಳಿದ. ನನ್ನ ಮಾತ್ರೆ ನಿಲ್ಲಿಸಿಯೂಬಿಟ್ಟ.

ನಿಜ ಕೂಗಿದರೆ ಕೋಣೆ ಹೋಗುತ್ತದೆ. ಸುಳ್ಳು ಕೂಗಿದರೆ ಕಾಲು ಹೋಗುತ್ತದೆ. ಮೂರನೆಯದೊಂದು ಇದ್ದರೆ ಓದಿದವಳು ನೀನೇ ಹೇಳು. ಹೋದರೆ ಹೋಗಲಿ ಬಿಡಿ ದೊಡ್ಡಪ್ಪ ಅನ್ನಬೇಡ. ಮದುವೆ ಮಕ್ಕಳು ಅಂತ ಇಲ್ಲದವನಿಗೆ ಆ ಒಲೆಯೇ ಸಂಸಾರ. ಅದೂ ಇಲ್ಲದ ಮೇಲೆ ನಾನು ತಮ್ಮನ ಜಗಲಿಯಲ್ಲಿ ಕೂತು, ಊಟಕ್ಕೆ ಯಾವಾಗ ಕರೆಯುತ್ತಾರೋ ಅಂತ ಒಳಗೆ ಕಿವಿ ಕೊಟ್ಟಿರುವ ಮುದುಕ. ಅಂಥವರನ್ನು ನೋಡಿದ್ದೇನೆ. ಕೆಮ್ಮುವುದನ್ನೂ ಅಪ್ಪಣೆ ಕೇಳಿದ ಹಾಗೆ ಕೆಮ್ಮುತ್ತಾರೆ.

ಸಂಕ್ರಾಂತಿಗೆ ಬಂದಾಗ ಯಾರಿಗೂ ಕಾಣದ ಹಾಗೆ ಆ ಆ್ಯಪಿನ ಹುಡುಗಿಯನ್ನು ಮೊದಲ ಹಂತಕ್ಕೆ ಇಳಿಸಿಕೊಡು. ಆಗದಿದ್ದರೆ ಅಳಿಸಿಹಾಕು, ಫೋನು ಕೆಟ್ಟಿತು ಅನ್ನುತ್ತೇನೆ. ನಿನ್ನ ಮೇಲೆ ಸಿಟ್ಟಿಲ್ಲ. ಇದೆ, ಸ್ವಲ್ಪ.

ನಿನ್ನ ದೊಡ್ಡಪ್ಪ,
ತಿಮ್ಮಪ್ಪಯ್ಯ

ಬರೆಯಲು ಮರೆತದ್ದಲ್ಲ, ಬರೆಯಬಾರದು ಅಂತಿದ್ದೆ: ಹುಗ್ಗಿಯ ತಪ್ಪಲೆಯನ್ನು ಒಲೆಯಿಂದ ಇಳಿಸುವುದು ಈಗ ನಾನಲ್ಲ, ನಿನ್ನ ಅಮ್ಮ. ಹೆಂಗಸರು ಕಾಲಿಡಬಾರದ ಕೋಣೆ ಅದು. ಗೋಮತಿ ಒದ್ದೆ ಸೀರೆಯಲ್ಲಿ ಹಿಂಬಾಗಿಲಿಂದ ಬಂದು ಇಳಿಸಿ ಹೋಗುತ್ತಾಳೆ. ನಾನು ಕರೆದವನಲ್ಲ. ತಪ್ಪಲೆಗೆ ಕೈ ಹಾಕಿ ಏಳಲಾರದೆ ಕೂತಿದ್ದನ್ನು ಒಂದು ದಿನ ಬಾವಿಕಟ್ಟೆಯಿಂದ ನೋಡಿದಳು. ಭಾವ, ಅತ್ತ ಸರಿಯಿರಿ ಅಂದಳು, ಅಷ್ಟೇ. ನಿನ್ನ ಅಪ್ಪನಿಗೆ ಗೊತ್ತಿಲ್ಲ. ಈಗ ಅವಳೂ ಸೊಂಟ ಹಿಡಿದುಕೊಂಡು ಓಡಾಡುತ್ತಿದ್ದಾಳೆ. ಎಷ್ಟು ನೋವು ಅಂತ ಅವಳನ್ನು ಯಾರೂ ಕೇಳಿಲ್ಲ, ನಾನೂ ಕೇಳಿಲ್ಲ. ಆ ಆ್ಯಪನ್ನು ಅವಳ ಫೋನಿಗೂ ಹಾಕು. ಅವಳು ಇದ್ದದ್ದನ್ನೇ ಒತ್ತುವವಳು. ಯಾಕೆ ನೋವು ಅಂತ ನಿನ್ನ ಅಪ್ಪ ಕೇಳಿದರೆ ಅದನ್ನೂ ಹೇಳುವವಳು. ಆಮೇಲೆ ಏನಾಗುತ್ತದೆ ಅಂತ ನನಗೆ ಗೊತ್ತು. ಆದರೂ ಹಾಕು.